ಸಕ್ಕರ್ ಮೀನಿನ ನಲವತ್ತು ದಿನ

ಬಸ್ಸು ಹೆಬ್ಬಾಳದ ಮೇಲ್ಸೇತುವೆ ಇಳಿಯುವ ಹೊತ್ತಿಗೆ ಮುಸರ್ರತ್ ಎಂದಿನಂತೆ ಸೀಟು ಬಿಟ್ಟೆದ್ದು ಎಡಗಡೆಯ ಕಿಟಕಿಗಳಿಗೆ ಬೆನ್ನು ಹಾಕಿ ನಿಂತಳು. ಎಡಗಡೆ ಕೆರೆ. ಅದು ಹಿಂದಾಗುವ ತನಕ ಎದುರಿನ ಸಾಲಿನ ಹೆಂಗಸರ ಟಿಫನ್ ಬ್ಯಾಗುಗಳನ್ನು ನೋಡುತ್ತ ನಿಂತು, ಕೊಡಿಗೇಹಳ್ಳಿ ಗೇಟ್ ಬಂದ ಮೇಲೆ ಮತ್ತೆ ಕೂರುವುದು ಅವಳ ಒಂದು ವರ್ಷದ ರೂಢಿ. ಕೂತ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಕೈ ಹಾಕಿ ನೋಡಿದಳು. ನೀರು ಎಳೆಯುವ ಪೈಪಿನ ಸುರುಳಿ, ಸ್ಪಂಜು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಅರ್ಧ ಸೌತೆಕಾಯಿ. ಎಲ್ಲ ಇತ್ತು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತ ಇನ್ನೊಮ್ಮೆ ಎಣಿಸಿದಳು. ಇವತ್ತು ಸೋಮವಾರ, ಇವತ್ತಿಗೆ ನಲವತ್ತು. ಹನ್ನೊಂದು ಗಂಟೆಗೆ ಯಲಹಂಕದ ಡಾಕ್ಟರ್ ರಮ್ಯ ಅವರ ಹಲ್ಲಿನ ಕ್ಲಿನಿಕ್ಕಿನಲ್ಲಿ, ಪೂರ್ತಿ ದೀಪದ ಕೆಳಗೆ, ಎಲ್ಲರ ಕಣ್ಣೆದುರಿಗೆ, ಅಲ್ಲಿನ ಗಾಜಿನ ಟ್ಯಾಂಕಿನಲ್ಲಿ ಪಾಚಿ ತಿನ್ನುವ ಸಕ್ಕರ್ ಮೀನು ಮರದ ತುಂಡಿನ ಪೊಟರೆ ಬಿಟ್ಟು ಹೊರಗೆ ಬರಬೇಕು. ಬರುತ್ತದೆ. ತಾನು ಬರುತ್ತದೆ ಎಂದ ಮೇಲೆ ಬಂದೇ ಬರುತ್ತದೆ. ಬಾರದಿದ್ದರೆ ಅದನ್ನು ಬಕೆಟ್ಟಿನಲ್ಲಿ ಹಾಕಿ ಸಾಗಹಾಕುತ್ತಾರೆ. ಅಡಿಯುದ್ದ ಬೆಳೆದ ಸಕ್ಕರನ್ನು ಈ ಊರಿನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಉಳಿಯುವುದು ಒಂದೇ ಜಾಗ, ಆ ಜಾಗಕ್ಕೆ ಅವಳು ಈಗಷ್ಟೇ ಬೆನ್ನು ಹಾಕಿ ಬಂದಿದ್ದಳು.

ಮಾತು ಕೊಟ್ಟದ್ದು ಒಂದು ಬುಧವಾರ ಸಂಜೆ. ಡಾಕ್ಟರ್ ರಮ್ಯ ಕೆಟ್ಟವರಲ್ಲ. ಡ್ರಿಲ್ಲಿನ ಸದ್ದಿಗೆ ಹೆದರುವ ಮಕ್ಕಳು ನೋಡಿಕೊಂಡಿರಲಿ ಎಂದು ಐದಡಿ ಉದ್ದದ ಟ್ಯಾಂಕು ಮಾಡಿಸಿದ್ದರು. ಒಳಾಂಗಣ ವಿನ್ಯಾಸ ಮಾಡಿದವನು ಅದರ ಮೇಲೆ ಮದುವೆ ಮಂಟಪಕ್ಕೆ ಸಾಲುವಷ್ಟು ಬಿಳಿ ದೀಪ ತೂಗುಹಾಕಿ ಹೋಗಿದ್ದ. ಆ ಬೆಳಕಿಗೆ ಸಕ್ಕರ್ ಪೊಟರೆ ಸೇರಿದ್ದು ಮೂರು ತಿಂಗಳಾದರೂ ಹಗಲು ಮುಖ ತೋರಿಸಿರಲಿಲ್ಲ. ಹಗಲೆಲ್ಲ ಅಡಗಿ ಕೂತು ಬರೀ ಗಲೀಜು ಮಾಡುತ್ತದೆ, ಮಕ್ಕಳು ಎಲ್ಲಿ ಎಲ್ಲಿ ಅಂತ ಕೇಳುತ್ತಾರೆ, ಆ ಮರವನ್ನಾದರೂ ತೆಗೆಯಿರಿ ಇಲ್ಲ ಮೀನನ್ನಾದರೂ ತೆಗೆಯಿರಿ ಎಂದಿದ್ದರು ಡಾಕ್ಟರು. ಅದಕ್ಕಿಂತ ಅವಳಿಗೆ ಚುಚ್ಚಿದ್ದು ಅದಕ್ಕೂ ಮುಂಚೆ ಬಾಗಿಲಲ್ಲಿ ಕೇಳಿದ ಮಾತು. ಅವಳನ್ನು ಕಂಡು ರಿಸೆಪ್ಷನ್ನಿನ ಹುಡುಗಿ ಫೋನೆತ್ತಿ, ಮೇಡಂ, ಟ್ಯಾಂಕ್ ಕ್ಲೀನರ್ ಬಂದಿದ್ದಾರೆ ಎಂದಿದ್ದಳು. ಅಂಗಡಿಗಳಲ್ಲಿ ಸಕ್ಕರ್ ಮೀನನ್ನು ಮಾರುವುದೂ ಅದೇ ಹೆಸರಿನಲ್ಲಿ. ಟ್ಯಾಂಕ್ ಕ್ಲೀನರ್ ಸರ್, ಒಂದು ಹಾಕಿ, ಗಾಜು ಫಳಫಳ ಅಂತಿರುತ್ತೆ. ಕೆಲಸ ಮಾಡಬೇಕು, ಕಣ್ಣಿಗೆ ಬೀಳಬಾರದು ಎಂದು ಕೊಂಡುಕೊಂಡವರೇ ಆಮೇಲೆ ಕಣ್ಣಿಗೆ ಬೀಳುವುದಿಲ್ಲ ಎಂದು ದೂರುತ್ತಾರೆ. ಆ ಸಿಟ್ಟು ಒಳಗಿದ್ದುದರಿಂದಲೇ ಅವಳ ಬಾಯಿಂದ ಅಂಥ ದೊಡ್ಡ ಮಾತು ಬಂದದ್ದು. ನಲವತ್ತು ದಿನ ಕೊಡಿ ಡಾಕ್ಟ್ರಮ್ಮ, ಇದೇ ದೀಪದ ಕೆಳಗೆ, ಹಗಲು ಹನ್ನೊಂದಕ್ಕೆ ಹೊರಗೆ ಕರೀತೀನಿ. ಕಾಯುತ್ತಿದ್ದ ಪೇಷಂಟುಗಳು ನಕ್ಕಿದ್ದರು. ಡಾಕ್ಟರು ಮಾತ್ರ ನಗದೆ, ಭಾಯ್‌ನ ಒಂದು ಮಾತು ಕೇಳಿ ಹೇಳಿ ಆಂಟಿ ಎಂದಿದ್ದರು.

ಭಾಯ್ ಎಂದರೆ ಅವಳ ಗಂಡ ರಹಮತುಲ್ಲಾ. ಆರ್.ಟಿ. ನಗರದಲ್ಲಿ ಇಪ್ಪತ್ತಾರು ವರ್ಷ ಸಾಕುವ ಮೀನಿನ ಅಂಗಡಿ ಇಟ್ಟಿದ್ದವನು. ಮಂಡಿ ಸವೆದು ನಡೆಯಲಾಗದ ಮೇಲೆ ಅಂಗಡಿ ಮುಚ್ಚಿ, ಮನೆಮನೆಯ ಟ್ಯಾಂಕು ನೋಡಿಕೊಳ್ಳುವ ಸುತ್ತಾಟವನ್ನು ಅವಳಿಗೆ ಬಿಟ್ಟು ಕುರ್ಚಿಯಲ್ಲಿ ಕೂತಿದ್ದಾನೆ. ಅಂಗಡಿಯಿದ್ದಾಗ ಗಲ್ಲಾದ ಹಿಂದೆ ಒಂದು ಹಸಿರು ಪರದೆ ಇತ್ತು. ಪರದೆಯ ಆಚೆ ಗಿರಾಕಿಗಳು, ರಹಮತುಲ್ಲಾನ ನಗು, ಚಹಾ. ಈಚೆ ಮರಿಮೀನಿನ ತೊಟ್ಟಿಗಳು, ಒಂದು ಸಣ್ಣ ಬಲ್ಬು, ಅವಳು. ಯಾವ ಮೀನಿಗೆ ಯಾವ ಹೊತ್ತಿಗೆ ಏನು ಬೇಕು, ಯಾವುದು ಯಾವುದರ ರೆಕ್ಕೆ ಕಚ್ಚುತ್ತದೆ, ಯಾವುದು ನಾಳೆ ಸಾಯುತ್ತದೆ ಎನ್ನುವುದೆಲ್ಲ ಅವಳಿಗೆ ಗೊತ್ತಾದದ್ದು ಅಲ್ಲಿ. ಗಿರಾಕಿ ಏನಾದರೂ ಕೇಳಿದರೆ ರಹಮತುಲ್ಲಾ ಒಂದು ನಿಮಿಷ ಎಂದು ಒಳಗೆ ಬಂದು ಅವಳನ್ನು ಕೇಳಿ, ಹೊರಗೆ ಹೋಗಿ ತಾನೇ ಹೇಳಿದಂತೆ ಹೇಳುತ್ತಿದ್ದ. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಒಂದು ಸಲ ಬಿಟ್ಟು. ಸಕ್ಕರಿನ ಕಣ್ಣಿನಲ್ಲಿ ಒಂದು ಪರದೆ ಇದೆ ಎಂದು ಕಂಡುಹಿಡಿದದ್ದು ಅವಳು. ಕತ್ತಲಿದ್ದಾಗ ಪಾಪೆ ದುಂಡಗೆ ಮೆಣಸಿನ ಕಾಳಿನಷ್ಟಿರುತ್ತದೆ. ಬೆಳಕು ಹೆಚ್ಚಿದರೆ ಮೇಲಿನಿಂದ ಒಂದು ಪೊರೆ ನಿಧಾನವಾಗಿ ಇಳಿದು, ಕೆಳಗೆ ತೆಳ್ಳಗೆ ಬಿದಿಗೆ ಚಂದ್ರನಷ್ಟು ಮಾತ್ರ ಉಳಿಯುತ್ತದೆ. ಬಲ್ಬಿನ ಮೇಲೆ ಕೈ ಅಡ್ಡ ಹಿಡಿದು, ತೆಗೆದು, ಮತ್ತೆ ಹಿಡಿದು ಅವಳು ಅದನ್ನು ಒಂದಿಡೀ ಮಧ್ಯಾಹ್ನ ನೋಡಿದ್ದಳು. ಗಂಡನಿಗೆ ಹೇಳಿದಾಗ ಅವನು ನಂಬಲಿಲ್ಲ. ಮರುದಿನ ಪರದೆಯ ಆಚೆಯಿಂದ ಅವನ ದನಿ ಕೇಳಿಸಿತು, ಈ ಮೀನಿನ ಕಣ್ಣಲ್ಲಿ ಚಾಂದ್ ಇದೆ ಸಾರ್, ನಾನೇ ನೋಡಿ ಕಂಡುಹಿಡಿದದ್ದು. ಅವತ್ತು ರಾತ್ರಿ ಅವಳು ಅವನಿಗೆ ಊಟಕ್ಕೆ ಬಡಿಸಿ ಮಾತಾಡದೆ ಮಲಗಿದ್ದಳು. ಅವನಿಗೆ ಯಾಕೆಂದು ಇವತ್ತಿನವರೆಗೂ ಗೊತ್ತಿಲ್ಲ.

ಹಾಗಾಗಿ ಭಾಯ್‌ನ ಏನೂ ಕೇಳುವುದಿರಲಿಲ್ಲ. ಮಗಳು ಅತೀಯಾಳ ಬಾಣಂತನ ಮುಗಿದು ಆಗಿನ್ನೂ ಎರಡು ತಿಂಗಳಾಗಿತ್ತು. ಅವರಲ್ಲಿ ಅದಕ್ಕೆ ಛಿಲ್ಲಾ ಎನ್ನುತ್ತಾರೆ. ತಾಯಿ ಮಗು ನಲವತ್ತು ದಿನ ಕತ್ತಲ ಕೋಣೆಯಲ್ಲಿದ್ದು, ಕಿಟಕಿಯ ಬಟ್ಟೆಯನ್ನು ದಿನಕ್ಕಿಷ್ಟು ಸರಿಸುತ್ತ ಬಂದು, ನಲವತ್ತನೆಯ ದಿನ ತಲೆಗೆ ಸ್ನಾನ ಮಾಡಿಸಿ ಹೊಸಿಲು ದಾಟಿಸುವುದು. ಮೀನಿಗೂ ಅದನ್ನೇ ಮಾಡಿದರಾಯಿತು ಎಂದು ಅವಳಿಗೆ ಆ ಬುಧವಾರವೇ ಹೊಳೆದಿತ್ತು. ಪುಸ್ತಕಕ್ಕೆ ಹೊದಿಸುವ ಬ್ರೌನ್ ಪೇಪರನ್ನು ಹತ್ತು ಪದರ ಮಾಡಿ ದೀಪದ ಕೆಳಗೆ ಟೇಪು ಹಚ್ಚಿ ಕಟ್ಟಿದಳು. ನಾಲ್ಕು ದಿನಕ್ಕೊಮ್ಮೆ ಬಂದು ಒಂದೊಂದೇ ಪದರ ಬಿಚ್ಚುವ ಲೆಕ್ಕ. ಪೊಟರೆಯ ಬಾಯಿ ಗಾಜಿನ ಕಡೆಗೆ ಬರುವಂತೆ ಮರವನ್ನು ತಿರುಗಿಸಿದಳು. ಇನ್ನು ಊಟ. ಅದನ್ನು ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಚನ್ನಕ್ಕನಿಗೆ ವಹಿಸಿದಳು. ಮೊದಲು ರಾತ್ರಿ ಎಂಟಕ್ಕೆ ಒಂದು ಬಿಲ್ಲೆ ಸೌತೆಕಾಯಿ, ಮೂರು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಮುಂಚೆ. ಏಳೂಕಾಲು, ಆರೂವರೆ, ಹೀಗೆ ಸರಿಯುತ್ತ ಸರಿಯುತ್ತ ಊಟದ ಹೊತ್ತು ಹಗಲಿಗೆ ಬಂತು. ಚನ್ನಕ್ಕನಿಗೆ ವಿವರಿಸುವುದು ಕಷ್ಟವಾಗಲಿಲ್ಲ. “ಗೊತ್ತಾಯ್ತು ಬುಡು ಮುಸ್ರತ್ತಕ್ಕ, ಬಾಣಂತೀನ ಒಂದೇ ಕಿತ ಬಿಸಿಲಿಗೆ ಬುಡಬಾರ್ದು, ಅಂಗೇ ಅಲ್ವಾ ಇದೂನೂವೆ” ಎಂದಿದ್ದಳು. ಪದರಗಳು ಉದುರಿದಂತೆಲ್ಲ ಮೀನು ಮೊದಲು ಮೀಸೆ ತೋರಿಸಿತು, ಆಮೇಲೆ ಮೂತಿ. ಹೋದ ಗುರುವಾರ ಒಂದೇ ಪದರ ಉಳಿದಿದ್ದಾಗ ಹನ್ನೊಂದು ಗಂಟೆಗೆ ಅರ್ಧ ಮೈ ಹೊರಗಿಟ್ಟು ಸೌತೆಕಾಯಿ ತಿರುಳನ್ನು ಕೆರೆದು ತಿಂದಿತ್ತು. ಉಳಿದದ್ದು ಆ ಒಂದು ಪದರ, ಇನ್ನರ್ಧ ಮೈ.

ಪೊಲೀಸ್ ಸ್ಟೇಷನ್ ಸ್ಟಾಪಿನಲ್ಲಿ ಇಳಿದು ನಡೆಯುತ್ತಿದ್ದಾಗ ಬಿಸಿಲು ಏರಿತ್ತು, ಮತ್ತು ಬಿಸಿಲೇರಿದಾಗಲೆಲ್ಲ ನೆನಪಿಗೆ ಬರುವ ಇನ್ನೊಂದು ಮೀನು ಬಂತು. ಹೋದ ವರ್ಷ ಸಂಜಯನಗರದ ಗಿರಾಕಿಯೊಬ್ಬರು ಮನೆ ಖಾಲಿ ಮಾಡುವಾಗ ದೊಡ್ಡ ಸಕ್ಕರೊಂದನ್ನು ಇವರ ತಲೆಗೆ ಕಟ್ಟಿ ಹೋಗಿದ್ದರು. ಮನೆಯ ಟ್ಯಾಂಕಿನಲ್ಲಿ ಅದು ತಿರುಗಲೂ ಜಾಗವಿರಲಿಲ್ಲ. ಹೆಬ್ಬಾಳದ ಕೆರೆಗೆ ಬಿಟ್ಟು ಬಾ, ಎಲ್ಲರೂ ಅದನ್ನೇ ಮಾಡೋದು ಎಂದ ರಹಮತುಲ್ಲಾ. ಅವಳೇ ಬಕೆಟ್ಟು ಹೊತ್ತು ಹೋಗಿ, ಬಿಸ್ಮಿಲ್ಲಾ ಎಂದು ನೀರಿಗೆ ಬಿಟ್ಟು, ಒಂದು ಜೀವಕ್ಕೆ ದೊಡ್ಡ ಮನೆ ಕೊಟ್ಟೆನೆಂದು ಹಗುರಾಗಿ ಮನೆಗೆ ಬಂದಿದ್ದಳು. ಹದಿನೈದು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದಾಗ ಸುಮ್ಮನೆ ನೋಡೋಣವೆಂದು ದಡಕ್ಕೆ ಹೋದಳು. ಮೀನು ಹಿಡಿಯುವವನು ಬಲೆ ಬಿಡಿಸುತ್ತ ಕೂತಿದ್ದ. ದಡದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಇಪ್ಪತ್ತು ಇಪ್ಪತ್ತೈದು ಸಕ್ಕರುಗಳನ್ನು ಎಸೆದಿದ್ದ. ಬಲೆ ಹರೀತವೆ, ಒಳ್ಳೆ ಮೀನಿನ ಮೊಟ್ಟೆ ತಿಂತವೆ, ನಮ್ಗೆ ತಿನ್ನೋಕೂ ಬರಲ್ಲ, ಯಾವ ಪುಣ್ಯಾತ್ಮರು ತಂದು ಬಿಡ್ತಾರೋ ಎಂದು ಅವನು ತನ್ನಷ್ಟಕ್ಕೆ ಬೈಯುತ್ತಿದ್ದ. ಒಂದರ ಬೆನ್ನಿನ ರೆಕ್ಕೆಯಲ್ಲಿ, ಅವಳ ಮನೆಯ ಟ್ಯಾಂಕಿನ ಮೋಟರಿಗೆ ಸಿಕ್ಕಿ ಹರಿದ ಗುರುತಿತ್ತು. ಅದು ಇನ್ನೂ ಬದುಕಿತ್ತು. ಬಾಯಿ ಮೆಲ್ಲಗೆ ಆಡುತ್ತಿತ್ತು. ಕಣ್ಣಿನ ಪೊರೆ ಪೂರ್ತಿ ಇಳಿದು ಒಂದು ಗೆರೆಯಷ್ಟೇ ಕಪ್ಪು ಉಳಿದಿತ್ತು. ಎತ್ತಿ ನೀರಿಗೆ ಎಸೆದರೆ ಆ ಮನುಷ್ಯನ ಬಲೆಗೆ ಮತ್ತೆ ಅನ್ಯಾಯ, ಎತ್ತಿಕೊಂಡು ಹೋಗಲು ಕೈಯಲ್ಲಿ ಬಕೆಟ್ಟಿರಲಿಲ್ಲ, ಇದ್ದರೂ ಇದು ನಂದೇ ಎಂದು ಅವನೆದುರು ಒಪ್ಪಿಕೊಂಡ ಹಾಗಾಗುತ್ತಿತ್ತು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿ, ದುಪಟ್ಟಾ ಸರಿಮಾಡಿಕೊಂಡು ಬಸ್ ಸ್ಟಾಪಿಗೆ ಬಂದಿದ್ದಳು. ಅವಳು ಯಾರಿಗೂ ಹೇಳದ ನಾಚಿಕೆ ಅದು. ಬಿಟ್ಟದ್ದಕ್ಕಲ್ಲ, ಗುರುತು ಹಿಡಿದೂ ಗುರುತಿಲ್ಲದವಳ ಹಾಗೆ ಬಂದದ್ದಕ್ಕೆ.

ಕ್ಲಿನಿಕ್ಕಿನ ಗಾಜಿನ ಬಾಗಿಲು ತಳ್ಳಿದವಳು ಅಲ್ಲೇ ನಿಂತಳು. ಟ್ಯಾಂಕು ಉರಿಯುತ್ತಿದ್ದ ಹಾಗಿತ್ತು. ಕೊನೆಯ ಪದರ ಇರಲಿಲ್ಲ. ಟೇಪಿನ ತುಂಡೊಂದು ದೀಪಕ್ಕೆ ಅಂಟಿ ಜೋತಾಡುತ್ತಿತ್ತು. ಪಕ್ಕದಲ್ಲಿ ಮೂವತ್ತೈದು ದಾಟಿದ ಒಬ್ಬ ಗಂಡಸು ನೀಲಿ ಟೀಶರ್ಟು ಹಾಕಿಕೊಂಡು, ಮುಚ್ಚಳವಿರುವ ಬಿಳಿ ಬಕೆಟ್ಟು ಹಿಡಿದು ನಿಂತಿದ್ದ. ಟೀಶರ್ಟಿನ ಎದೆಯ ಮೇಲೆ ಯಾವುದೋ ದೊಡ್ಡ ಅಕ್ವೇರಿಯಂ ಅಂಗಡಿಯ ಹೆಸರು, ಅದರ ಕೆಳಗೆ ಶರಣು ಎಂಬ ಪಟ್ಟಿ. ನಿನ್ನೆ ಸಂಜೆಯೇ ಪೇಪರ್ ತೆಗೆಸಿದರು, ರಾತ್ರಿಯಿಡೀ ದೀಪ ಹಾಗೇ ಬಿಟ್ಟರು, ಈವಯ್ಯ ನಾಳೆ ಮೀನು ಒಯ್ತೀನಿ, ಊಟ ಹಾಕಬೇಡಿ ಅಂತ ಫೋನಿನಲ್ಲಿ ಹೇಳಿದನಂತೆ ಎಂದು ಚನ್ನಕ್ಕ ಪಿಸುಗುಟ್ಟಿದಳು. ಮುಸರ್ರತ್‌ಗೆ ಕಿವಿ ಬಿಸಿಯಾಯಿತು. ಒಳಗಿನಿಂದ ಗ್ಲೌಸು ಹಾಕಿಕೊಳ್ಳುತ್ತ ಬಂದ ಡಾಕ್ಟರಿಗೆ ಅವಳನ್ನು ಕಂಡು ಸಂಕೋಚವಾದದ್ದು ಮುಖದಲ್ಲೇ ಕಂಡಿತು. “ಆಂಟಿ, ನಲವತ್ತು ದಿನ ನಿನ್ನೆಗೇ ಮುಗೀತಲ್ವಾ? ನಾನು ಕ್ಯಾಲೆಂಡರ್‌ನಲ್ಲಿ ಮಾರ್ಕ್ ಮಾಡಿದ್ದೆ. ಬುಧವಾರದಿಂದ ಲೆಕ್ಕ ಹಾಕಿ” ಎಂದರು.

ಮುಸರ್ರತ್ ಬೆರಳು ಮಡಚಿದಳು, ಬಿಡಿಸಿದಳು. ಇನ್ನೊಮ್ಮೆ ಎಣಿಸಿದಾಗ ಎಲ್ಲ ತಿಳಿಯಿತು. ಅವಳ ದಿನ ಶುರುವಾಗುವುದು ಬೆಳಿಗ್ಗೆಯಲ್ಲ, ಹೊತ್ತು ಮುಳುಗಿದ ಮೇಲೆ. “ಶುರು ಮಾಡಿದ್ದು ಸಂಜೆ, ಡಾಕ್ಟ್ರಮ್ಮ. ಅಜಾನ್ ಆಗಿತ್ತು. ನಮ್ಗೆ ಆವಾಗ್ಲೇ ಜುಮೇರಾತ್, ಗುರುವಾರ. ಗುರುವಾರದಿಂದ ಎಣಿಸಿ, ಇವತ್ತು ಹೊತ್ತು ಮುಳುಗೋವರ್ಗೂ ನಲವತ್ತು.” ಕಾಯುತ್ತಿದ್ದ ಇಬ್ಬರು ಪೇಷಂಟುಗಳು ಮೊಬೈಲಿನಿಂದ ತಲೆ ಎತ್ತಿದರು. ಇದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸಿತೆಂದು ಅವಳಿಗೇ ಅನ್ನಿಸಿತು, ಆದರೂ ಕಣ್ಣು ಕೆಳಗೆ ಮಾಡಲಿಲ್ಲ. ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಹತ್ತೂ ನಲವತ್ತು. ತನಗೊಂದು ರೂಟ್ ಕೆನಾಲ್ ಇದೆ, ಅದು ಮುಗಿದು ತಾನು ಹೊರಗೆ ಬರುವಷ್ಟರಲ್ಲಿ ಮೀನು ಹೊರಗಿದ್ದರೆ ಇರಲಿ, ಇಲ್ಲದಿದ್ದರೆ ಇವರು ತೆಗೆದುಕೊಂಡು ಹೋಗಲಿ ಎಂದು ಹೇಳಿ ಒಳಗೆ ಹೋದರು.

ಶರಣು ಬಕೆಟ್ಟು ಕೆಳಗಿಟ್ಟ. ಜಗಳದವನಂತೆ ಕಾಣಲಿಲ್ಲ. “ತಪ್ಪು ತಿಳ್ಕೋಬ್ಯಾಡ್ರಿ ಅಮ್ಮಾರ. ಇದರ ಜಾತೀನ ಹಂಗ, ಹಗಲಿಗೆ ಬರಂಗಿಲ್ಲ. ನಾ ಹನ್ನೆರಡು ವರ್ಷ ಆತು ಈ ಕೆಲಸದಾಗ” ಎಂದ. ತೆಗೆದುಕೊಂಡು ಹೋಗಿ ಏನು ಮಾಡುತ್ತೀರಿ ಎಂದು ಅವಳು ಕೇಳಿದಳು. ಅವನು, ಇಷ್ಟು ದೊಡ್ಡದನ್ನು ಯಾರು ತಗೋತಾರ್ರಿ, ಕೆರೀಗೆ ಬಿಡೂದು ಎಂದ. ಅವಳು ಚೀಲದಿಂದ ಸೌತೆಕಾಯಿ ತೆಗೆದು ದಪ್ಪ ಬಿಲ್ಲೆಯೊಂದನ್ನು ಕೊಯ್ದು, ಸ್ಟೀಲಿನ ಚಮಚಕ್ಕೆ ಸಿಕ್ಕಿಸಿ, ಪೊಟರೆಯಿಂದ ಅಡಿದೂರದಲ್ಲಿ ಮರಳಿನ ಮೇಲೆ ಇಳಿಬಿಟ್ಟಳು.

ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಗಾಜಿಗೆ ಹಣೆ ಹತ್ತಿರ ತಂದು ನೋಡಿದರೆ ಪೊಟರೆಯ ಒಳಗೆ, ಆಳದಲ್ಲಿ, ಬಾಲದ ಅಂಚು ಮಾತ್ರ ಕಾಣುತ್ತಿತ್ತು. ಮೀನು ಬೆನ್ನು ಹಾಕಿಕೊಂಡಿತ್ತು. ರಾತ್ರಿಯಿಡೀ ಹೀಗೇ ಇದ್ದಿರಬೇಕು, ಉಪವಾಸ. ನಲವತ್ತು ದಿನದ ಕೆಲಸವನ್ನು ಒಂದು ರಾತ್ರಿಯಲ್ಲಿ ಕೆಡಿಸಿದರು ಎಂಬ ಸಂಕಟದ ಜೊತೆಗೇ, ಕೆಡಿಸಿದ್ದು ತನ್ನ ಲೆಕ್ಕವೂ ಹೌದಲ್ಲ ಎನಿಸಿತು. ಅಜಾನಿನ ಮಾತನ್ನು ಅವತ್ತೇ ಹೇಳಿದ್ದರೆ ಆಗುತ್ತಿತ್ತು. ಎಲ್ಲರ ದಿನವೂ ತನ್ನ ದಿನದಂತೆಯೇ ಶುರುವಾಗುತ್ತದೆ ಎಂದುಕೊಂಡಿದ್ದಳು. ಒಳಗೆ ಡ್ರಿಲ್ಲಿನ ಸದ್ದು ಏರಿತು, ಇಳಿಯಿತು. ಆಗ ಅವಳು ದುಪಟ್ಟಾದ ಉದ್ದನೆಯ ತುದಿಯನ್ನು ಎರಡು ಮಡಿಕೆ ಮಾಡಿ, ಎರಡೂ ಕೈ ಮೇಲಕ್ಕೆ ಚಾಚಿ, ದೀಪಕ್ಕೂ ನೀರಿಗೂ ನಡುವೆ ಅಡ್ಡ ಹಿಡಿದಳು. ಟ್ಯಾಂಕಿನ ಅರ್ಧಕ್ಕೆ ಕಂದು ನೆರಳು ಬಿತ್ತು. ಐವತ್ತಾರು ವಯಸ್ಸಿನ ಭುಜ ಐದು ನಿಮಿಷಕ್ಕೆ ನೋಯತೊಡಗಿತು. ಅಂಗಡಿಯ ಆ ಮಧ್ಯಾಹ್ನ ಬಲ್ಬಿಗೆ ಅಡ್ಡ ಹಿಡಿದ ಕೈಗೆ ಹೀಗೆ ನೋವಾಗಿರಲಿಲ್ಲ. ಅವತ್ತು ಯಾರಿಗೂ ಏನೂ ತೋರಿಸಬೇಕಾಗಿರಲಿಲ್ಲ. ಬಾಲದ ಅಂಚು ಮಾಯವಾಯಿತು. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಮೀಸೆ ಕಾಣಿಸಿತು.

ಮೂತಿ ಬಂತು. ಹಸಿವು ಅದನ್ನು ಎಳೆಯುತ್ತಿತ್ತು. ಕಲ್ಲಿನಂಥ ತಲೆ, ಬೆನ್ನಿನ ಚುಕ್ಕೆಗಳು, ಮಡಚಿಟ್ಟ ರೆಕ್ಕೆ. ಅರ್ಧ ಮೈ ಬಂದು ನಿಂತಿತು, ಗುರುವಾರ ನಿಂತ ಜಾಗದಲ್ಲೇ. ಇಲ್ಲಿಗೆ ಡಾಕ್ಟರನ್ನು ಕರೆದರೂ ಆಗುತ್ತಿತ್ತು. ಆದರೆ ಮಾತು ಕೊಟ್ಟದ್ದು ದೀಪದ ಕೆಳಗೆ ಎಂದು, ದುಪಟ್ಟಾದ ಕೆಳಗೆ ಎಂದಲ್ಲ. ಮೀನು ಉಳಿದರ್ಧ ಮೈಯನ್ನೂ ಹೊರಗೆಳೆದು ಸೌತೆಕಾಯಿಗೆ ಬಾಯಿ ಹಚ್ಚಿದಾಗ ಅವಳು ಬಟ್ಟೆಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಎಳೆದಳು. ಬೆಳಕಿನ ಅಂಚು ಬಾಲದ ಮೇಲೆ ಬಿತ್ತು. ಮೀನು ಅಲುಗಲಿಲ್ಲ. ಇನ್ನೊಂದು ಬೆರಳು. ಬೆಳಕು ಬೆನ್ನಿಗೆ ಬಂತು, ರೆಕ್ಕೆಗೆ ಬಂತು. ಮೀನು ತಿನ್ನುವುದನ್ನು ನಿಲ್ಲಿಸಿತು. ಅವಳೂ ನಿಲ್ಲಿಸಿದಳು. ಹೋಗಬೇಡ ಎಂದು ತನ್ನ ಭಾಷೆಯಲ್ಲಿ ಮೆಲ್ಲಗೆ ಹೇಳಿದಳು, ನಕ್ಕೋ ಜಾ, ಆ ದಡದಲ್ಲಿ ಬಿಸಿಲಿದೆ. ಇನ್ನು ಹಿಡಿಯಲಾರೆ ಎನ್ನಿಸಿದಾಗ ಉಳಿದ ಬಟ್ಟೆಯನ್ನು ಸರಿಸಿದಳು. ಬೆಳಕು ಮುಖದ ಮೇಲೆ ಬಿತ್ತು. ದುಂಡಗಿನ ಪಾಪೆಯ ಮೇಲೆ ಪೊರೆ ಇಳಿಯತೊಡಗಿತು, ಅವಸರವಿಲ್ಲದೆ, ಒಳಗಿನಿಂದ ಯಾರೋ ಕೈಯಾರೆ ಇಳಿಸುವ ಹಾಗೆ. ಬಿದಿಗೆ ಚಂದ್ರನಷ್ಟು ಕಪ್ಪು ಉಳಿಯಿತು. ಕೆರೆಯ ದಡದಲ್ಲಿ ಕಂಡದ್ದೂ ಇದೇ ಕಣ್ಣು. ಆದರೆ ಈ ಕಣ್ಣಿನ ಕೆಳಗೆ ಬಾಯಿ ಮತ್ತೆ ಆಡತೊಡಗಿತು, ಸೌತೆಕಾಯಿಯ ತಿರುಳನ್ನು ಕೆರೆಯುತ್ತ, ಮದುವೆ ಮಂಟಪದಷ್ಟು ಬೆಳಕಿನಲ್ಲಿ, ಬಾಲದಿಂದ ಮೀಸೆಯವರೆಗೆ ಪೂರ್ತಿ ಹೊರಗೆ.

ಮುಸರ್ರತ್ ಕೈ ಕೆಳಗಿಳಿಸಿ ದುಪಟ್ಟಾವನ್ನು ತಲೆಯ ಮೇಲೆ ಹಾಕಿಕೊಂಡಳು. ಎದೆ ಉಬ್ಬಿ ಬಂತು. ಅದನ್ನು ಅವಳು ಅಡಗಿಸಲಿಲ್ಲ. ಶರಣು ಮಂಡಿಯೂರಿ ಗಾಜಿನ ಹತ್ತಿರ ಕೂತಿದ್ದ. ಇಲ್ಲಿ ಕಣ್ಣು ನೋಡ್ರಿ, ಪಾಪೆ ಮುಚ್ಚೇತಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹನ್ನೆರಡು ವರ್ಷದಲ್ಲಿ ಅವನು ಅದನ್ನು ನೋಡಿರಲಿಲ್ಲ. ನಲವತ್ತು ದಿನ ಏನೇನು ಮಾಡಿದಿರಿ ಎಂದು ಕೇಳಿದ. ಅವಳು ಪೇಪರಿನ ಪದರ, ಊಟದ ಹೊತ್ತು, ಮರದ ದಿಕ್ಕು, ಒಂದನ್ನೂ ಬಚ್ಚಿಡದೆ ಹೇಳಿದಳು. ಪರದೆಯ ಆಚೆ ಬಂದು ನಿಂತು ತಾನೇ ಹೇಳುವುದರಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿರಲಿಲ್ಲ. ಚನ್ನಕ್ಕ ಓಡಿಹೋಗಿ ಡಾಕ್ಟರ ಬಾಗಿಲು ಬಡಿದಿದ್ದಳು. ಡಾಕ್ಟರು ಮಾಸ್ಕು ಗದ್ದಕ್ಕಿಳಿಸಿ, ಗ್ಲೌಸಿನ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಬಂದು, ಗಾಜಿನ ಹತ್ತಿರ ಬಗ್ಗಿ ನೋಡಿದರು. ಅವರ ಹಿಂದೆ ಬಾಯಲ್ಲಿ ಹತ್ತಿ ಕಚ್ಚಿಕೊಂಡ ಪೇಷಂಟೂ ಬಂದು ನಿಂತಿದ್ದ.

“ನಿಜವಾಗ್ಲೂ ಬಂತಲ್ಲ ಆಂಟಿ. ಭಾಯ್‌ಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳ್ಬಿಡಿ” ಎಂದರು ಡಾಕ್ಟರು.

“ಹೇಳ್ತೀನಿ ಡಾಕ್ಟ್ರಮ್ಮ. ಮಾಡಿದ್ದು ಮಾತ್ರ ನಾನು” ಎಂದಳು ಮುಸರ್ರತ್.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಡಾಕ್ಟರು ಅವಳನ್ನು ನೋಡಿ, ಮೀನನ್ನು ನೋಡಿ, ಹೌದು, ನೀವೇ ಎಂದು ತಲೆಯಾಡಿಸಿದರು. ರಿಸೆಪ್ಷನ್ನಿನ ಹುಡುಗಿ ಮೊಬೈಲು ಎತ್ತಿ ಫ್ಲ್ಯಾಶ್ ಹಾಕಲು ಹೊರಟಳು. ಮುಸರ್ರತ್ ಕೈ ಅಡ್ಡ ಮಾಡಿ, ಮೊದಲ ದಿನಕ್ಕೆ ಇಷ್ಟು ಬೆಳಕು ಸಾಕು ಎಂದಳು. ಆಮೇಲೆ ಟ್ಯಾಂಕಿನ ಹಳೆ ನೀರು ಎಳೆಯಲು ಚೀಲದಿಂದ ಪೈಪಿನ ಸುರುಳಿ ತೆಗೆದು, ಒಂದು ತುದಿಯನ್ನು ಟ್ಯಾಂಕಿಗೆ ಇಳಿಬಿಟ್ಟು, ಇನ್ನೊಂದು ತುದಿ ಹಿಡಿದು ಸುತ್ತ ನೋಡಿದಳು. ಶರಣುವಿನ ಬಿಳಿ ಬಕೆಟ್ಟು ಕಾಲ ಹತ್ತಿರವೇ ಇತ್ತು, ಖಾಲಿ.

“ಆ ಬಕೆಟ್ ಇಲ್ಲಿ ಕೊಡಪ್ಪ” ಎಂದಳು. “ನಲವತ್ತರ ಸ್ನಾನ ಇನ್ನೂ ಬಾಕಿ ಇದೆ.”